ಉಡಿ ತುಂಬುವ ಕೈ

ಜನವರಿ ೧೮, ೧೯೩೩, ಬುಧವಾರ
ಸೊಲ್ಲಾಪುರ

ಇಂದಿನಿಂದ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಕನ್ನಡ ಓದುವವಳು ನಾನೊಬ್ಬಳೇ. ಉಳಿದವರು ಬರೆಯುವುದೆಲ್ಲ ಮರಾಠಿಯ ಮೋಡಿ ಅಕ್ಷರದಲ್ಲಿ, ಓದುವುದೆಲ್ಲ ಮರಾಠಿ ಪೇಪರು. ನನ್ನ ಅಪ್ಪ ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ಮಾಸ್ತರರಾಗಿದ್ದಕ್ಕೆ ನನಗೆ ಈ ನಾಲ್ಕು ಅಕ್ಷರ ದಕ್ಕಿದವು. ಆದ್ದರಿಂದ ಈ ವಹಿಗೆ ಬೀಗ ಹಾಕುವ ಗೋಜಿಲ್ಲ. ಹಪ್ಪಳದ ಡಬ್ಬಿಯ ಹಿಂದೆ ಇಟ್ಟರೆ ಸಾಕು.

ಗಂಡನ ಹೆಸರು ಹೇಳಬಾರದು, ಬರೆಯಲೂಬಾರದು ಎನ್ನುತ್ತಾರೆ. ಶಂಕರೆಪ್ಪ. ಬರೆದೆ. ಏನೂ ಆಗಲಿಲ್ಲ.

ನಿನ್ನೆ ಇವರು ಅಂಗಡಿಯಿಂದ ಬರುವಾಗ ಒಂದು ಮರಾಠಿ ಪುಸ್ತಕ ತಂದರು. ಯೋಗಾಸನದ್ದು. ಹಾಳೆಗೊಬ್ಬ ಬರಿಮೈಯ ಗೃಹಸ್ಥನ ಚಿತ್ರ, ಕೈ ಒಂದು ಕಡೆ ಕಾಲು ಒಂದು ಕಡೆ. ಇಂದು ಬೆಳಿಗ್ಗೆ ಗಿರಣಿಯ ಮೊದಲ ಭೋಂಗಾ ಕೂಗಿದ ಕೂಡಲೇ ನನ್ನನ್ನು ಎಬ್ಬಿಸಿ ಮೇಲಿನ ಕೋಣೆಗೆ ಕರೆದರು. ಮರಾಠಿಯೂ ನನಗೆ ಓದಲು ಬರುತ್ತದೆ. ನಾನು ಓದಬೇಕು, ಇವರು ಮಾಡಬೇಕು. ಬಗ್ಗಿದಾಗ ಪುಸ್ತಕ ಹಿಡಿಯುವುದಕ್ಕೆ ಕೈ ಬಿಡುವಿರುವುದಿಲ್ಲವಲ್ಲ, ಅದಕ್ಕೆ. ಐವತ್ತೇಳು ವರ್ಷದವರು, ಹೊಟ್ಟೆ ಮುಂದೆ ನಡೆದರೆ ಇವರು ಹಿಂದೆ ಬರುತ್ತಾರೆ. ಮೂರನೆಯ ಸೂರ್ಯನಮಸ್ಕಾರಕ್ಕೆ ಜಮಖಾನದ ಮೇಲೆ ಬಿದ್ದು ನೀರು ಕೇಳಿದರು.

ಯಾಕೆ ಇದೆಲ್ಲ ಎಂದು ನಾನು ಕೇಳಲಿಲ್ಲ. ಗೊತ್ತಿದ್ದದ್ದೇ. ಮರವಡೆಯಲ್ಲಿ ಹೊಲಮನೆ ಇರುವ ನಿಂಗಣ್ಣ ಎಂಬವರ ಮಗಳಿದ್ದಾಳೆ, ಸೋನಾಬಾಯಿ, ಹದಿನಾರು ವರ್ಷ. ಅವಳನ್ನು ಇವರಿಗೆ ಎರಡನೆಯ ಸಂಬಂಧ ಮಾಡಬೇಕೆಂದು ನಮ್ಮ ಅತ್ತೆ ಗುರುಲಿಂಗಮ್ಮನವರ ಹಟ. ನಾನು ಮೂರು ಹೆತ್ತೆ, ಮೂರೂ ಉಳಿಯಲಿಲ್ಲ. ಮನೆಗೆ ಗಂಡು ಕೂಸು ಬೇಕು. ಸಾವಕಾರರ ಮೈ ಗಟ್ಟಿಯಿದ್ದರೆ ಕೊಡುತ್ತೇನೆ, ಉಗಾದಿಗೆ ಬಂದು ಕಣ್ಣಾರೆ ನೋಡುತ್ತೇನೆ ಎಂದು ನಿಂಗಣ್ಣ ಹೇಳಿಕಳಿಸಿದ್ದಾರೆ. ಅದಕ್ಕೇ ಪುಸ್ತಕ.

ಹೀಗೆ ನನ್ನ ಗಂಡ ಇನ್ನೊಬ್ಬಳಿಗಾಗಿ ಮೈ ಗಟ್ಟಿ ಮಾಡಿಕೊಳ್ಳಲಿ ಎಂದು ನಾನು ದಿನಾ ಬೆಳಿಗ್ಗೆ ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಇಂದು ಏಳನೆಯ ಮೆಟ್ಟಿಲಲ್ಲಿ ಮೊಣಕಾಲು ಹಿಡಿದುಕೊಂಡು ನಿಂತೆ. ಉಸಿರು ಹತ್ತಿತ್ತೋ, ಸಿಟ್ಟು ಬಂದಿತ್ತೋ ತಿಳಿಯಲಿಲ್ಲ.

ಜನವರಿ ೧೯, ಗುರುವಾರ

ಇವರಿಗೆ ಮೈಯೆಲ್ಲ ನೋವು. ಬಿಸಿ ಎಣ್ಣೆ ಹಾಕಿ ತಿಕ್ಕಿದೆ. ಸ್ವಲ್ಪ ಜೋರಾಗಿಯೇ ತಿಕ್ಕಿದೆ.

ಜನವರಿ ೨೫, ಬುಧವಾರ

ಇಂದು ಲಿಂಗದ ತೊಡಕು ಬಂತು. ಕೊರಳಲ್ಲಿ ಕಟ್ಟಿದ ಲಿಂಗ ನಮ್ಮವರ ಮೈ ಬಿಟ್ಟು ಇರುವ ಹಾಗಿಲ್ಲ, ಹೊಕ್ಕುಳಿಗಿಂತ ಕೆಳಗೂ ಇಳಿಯಬಾರದು. ಇವರು ಬಗ್ಗಿದಾಗಲೆಲ್ಲ ಆ ಬೆಳ್ಳಿಯ ಕರಡಿಗೆ ತೂಗಿ ಬಂದು ಗದ್ದಕ್ಕೆ ಹೊಡೆಯುತ್ತದೆ. ಇಂದು ಬೆನ್ನ ಮೇಲೆ ಮಲಗಿ ಕಾಲೆತ್ತಿದಾಗ ನೇರ ಹಲ್ಲಿಗೇ ಬಡಿಯಿತು. ಕೂಡಲೇ ಮಠದ ಅಯ್ಯನವರನ್ನು ಕರೆಸಿದರು.

"ಅಯ್ಯಾರ, ಲಿಂಗ ಹೊಕ್ಕಳದ ಕೆಳಗ ಬರಬಾರದಲ್ರಿ. ನಾ ತಲಿ ಕೆಳಗ ಮಾಡಿ ಕಾಲ ಮ್ಯಾಲ ಮಾಡಿದ್ನೆಂದ್ರ ಹೊಕ್ಕಳ ಲಿಂಗದ ಮ್ಯಾಲ ಹೋಗಿ ಕೂಡ್ತೈತಿ. ಆವಾಗ ಹ್ಯಾಂಗ್ರಿ?"

ಅಯ್ಯನವರು ಚಹಾ ಮುಗಿಯುವ ತನಕ ವಿಚಾರ ಮಾಡಿದರು.

"ಶಂಕರೆಪ್ಪಾರ, ಶಾಸ್ತ್ರ ಬರದವ್ರು ಕಾಲ ಕೆಳಗ ಇಟಗೊಂಡ ಬರದಾರ್ರಿ. ತಲಿ ಮ್ಯಾಲ ನಿಂತವ್ರ ವಿಚಾರ ಅದರಾಗ ಇಲ್ಲ. ಎದಿಗಿ ಬಟ್ಟಿಲೆ ಬಿಗದ ಕಟ್ಟಿಗೋರಿ. ಜಾರಬಾರದು, ಅಷ್ಟ ನೋಡ್ರಿ."

ನಾನು ಅಡಿಗೆಮನೆಗೆ ಓಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಎಷ್ಟು ದಿನದ ಮೇಲೆ ನಕ್ಕೆನೋ ಗೊತ್ತಿಲ್ಲ.

ಫೆಬ್ರುವರಿ ೬, ಸೋಮವಾರ

ಪದ್ಮಾಸನದ ಹಾಳೆ ಬಂತು. ನಾನು ಮೂರು ಸಲ ಓದಿದೆ. ಇವರು ಒಂದು ಕಾಲನ್ನು ಹೇಗೋ ತೊಡೆಯ ಮೇಲೆ ತಂದರು, ಇನ್ನೊಂದನ್ನು ಎತ್ತಲು ಹೋಗಿ ಹಿಂದಕ್ಕೆ ಉರುಳಿದರು.

"ತಿಳೀವಲ್ದು ನನಗ. ನೀನ ಒಮ್ಮಿ ಮಾಡಿ ತೋರಸು."

ಬಾಗಿಲು ಮುಂದೆ ಮಾಡಿ, ಸೀರೆ ಸರಿಪಡಿಸಿಕೊಂಡು ಕೂತೆ. ಕಾಲು ಸ್ವಲ್ಪ ಎಳೆಯಿತು, ಆದರೆ ಬಂತು. ಬೆನ್ನು ತಾನೇ ನೆಟ್ಟಗಾಯಿತು. ಮೂವತ್ತೆಂಟು ವರ್ಷದಿಂದ ದಿನಾ ಅರ್ಧ ತಾಸು ಎಡಗೈಯಲ್ಲಿ ಲಿಂಗ ಹಿಡಿದು, ಕಣ್ಣು ಅಲುಗಿಸದೆ ಪೂಜೆಗೆ ಕೂತವಳು ನಾನು. ಇವರದು ಎರಡು ನಿಮಿಷದ ಪೂಜೆ. ವಿಭೂತಿ ಆರುವ ಮೊದಲೇ ಅಂಗಡಿಯಲ್ಲಿ ನೂಲಿನ ಪೇಟಿ ಒಡೆಯುತ್ತಿರುತ್ತಾರೆ.

"ನಿನಗ ಹ್ಯಾಂಗ ಬರ್ತೈತಿ?" ಎಂದು ಕೇಳಿದರು.

"ದಿನಾ ಕೂಡ್ತೀನಲ್ರಿ," ಎಂದೆ.

ಅವರಿಗೆ ಅದು ಇಷ್ಟವಾಗಲಿಲ್ಲ. ಸಾಕು, ಏಳು ಎಂದರು.

ಫೆಬ್ರುವರಿ ೮, ಬುಧವಾರ

ಅತ್ತೆ ಊಟವಾದ ಮೇಲೆ ಕರೆದು ಎದುರಿಗೆ ಕೂಡಿಸಿಕೊಂಡರು.

"ಸುಮಿತ್ರಾ, ಮರವಡಿಗಿ ನೀನೂ ಬರಬೇಕವಾ. ಹಿರಿಯಾಕಿ ಉಡಿ ತುಂಬಿ ತಂಗಿ ಅಂತ ಕರದ್ರನ ಹೆಣ್ಣಿನವ್ರು ಕೊಡೂದು. ನಿನ್ನ ಕೈಲೇನ ಆಗಬೇಕು."

ನಮ್ಮಲ್ಲಿ ಹಾಗೇ. ಗಂಡ ಎರಡನೆಯವಳನ್ನು ತರುವುದಾದರೆ ಮೊದಲಿನವಳೇ ಹೋಗಿ ಆ ಹುಡುಗಿಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಒಪ್ಪಿಗೆ ತೋರಿಸಬೇಕು. ಅವಳ ಕೈಯಿಂದ ಉಡಿ ತುಂಬದಿದ್ದರೆ ಮರ್ಯಾದೆಯ ಮನೆಯವರು ಹೆಣ್ಣು ಕೊಡುವುದಿಲ್ಲ. ನನ್ನ ಕೊರಳಿಗೆ ಹಗ್ಗ, ಅದನ್ನು ಎಳೆಯಬೇಕಾದ ಕೈಯೂ ನನ್ನದೇ.

ಮುಂದಿನದನ್ನೂ ಅವರೇ ಹೇಳಿದರು.

"ಒಲ್ಲೆ ಅಂದ್ರ ಅಕ್ಕಲಕೋಟಕ್ಕ ಗಾಡಿ ಹತ್ತು. ಅಣ್ಣನ ಮನ್ಯಾಗ ಕೂಡು. ತಿರುಗಿ ಬರೂದು ಬ್ಯಾಡ."

"ಹೂನ್ರಿ ಅತ್ತಿ," ಎಂದೆ. ಹನ್ನೊಂದನೆಯ ವರ್ಷಕ್ಕೆ ಈ ಮನೆಗೆ ಬಂದಾಗ ಕಲಿತ ಮಾತು.

ಫೆಬ್ರುವರಿ ೧೫, ಬುಧವಾರ

ಒಂದು ವಾರದಿಂದ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಮೇಲೆ ಹೋಗಿ ನಾನೂ ಮಾಡುತ್ತಿದ್ದೇನೆ. ಲಿಂಗವನ್ನು ಎದೆಗೆ ಬಿಗಿದು ಕಟ್ಟಿಕೊಳ್ಳುತ್ತೇನೆ, ಕಚ್ಚೆ ಹಾಕುತ್ತೇನೆ, ಬಾಗಿಲಿಗೆ ಅಗಳಿ ಹಾಕುತ್ತೇನೆ. ಪುಸ್ತಕ ಬೇಕಾಗುವುದಿಲ್ಲ, ದಿನಾ ಓದಿ ಓದಿ ಬಾಯಿಪಾಠವಾಗಿದೆ.

ಇಂದು ಕಾಲೆತ್ತಲು ಹೋಗಿ ಮಗ್ಗುಲಿಗೆ ಉರುಳಿ ಬಿದ್ದೆ. ನಲವತ್ತೊಂಬತ್ತರ ಹೆಂಗಸು ನೆಲದ ಮೇಲೆ ಅಂಗಾತ ಬಿದ್ದು ಜಂತಿ ಎಣಿಸುತ್ತ ಮಲಗಿದ್ದೆ. ಎದ್ದೇಳಬೇಕು ಅನಿಸಲೇ ಇಲ್ಲ. ಯಾಕೆ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಆ ಅರ್ಧ ತಾಸು ಯಾರೂ ನನ್ನನ್ನು ಕರೆಯುವುದಿಲ್ಲ, ಅಷ್ಟೇ.

ಫೆಬ್ರುವರಿ ೨೪, ಶುಕ್ರವಾರ

ನಿನ್ನೆ ಶಿವರಾತ್ರಿ. ಉಪವಾಸವಿದ್ದೂ ಇವರು ಹನ್ನೆರಡು ನಮಸ್ಕಾರ ಹಾಕಿದರು. ಹೊಟ್ಟೆ ಇಳಿದಿದೆ. ಅಂಗಿ ಸಡಿಲಾಯಿತು ಎಂದು ಎರಡು ಅಂಗಿಗಳನ್ನು ನಾನೇ ಹಿಡಿಸಿ ಹೊಲಿದೆ. ಅತ್ತೆ ಮಗನನ್ನು ನೋಡಿ ದೃಷ್ಟಿ ತೆಗೆಯುತ್ತಾರೆ.

ನನ್ನ ಕೈಯಿಂದಲೇ ಮದುಮಗನನ್ನು ಸಜ್ಜು ಮಾಡಿ ಕಳಿಸುತ್ತಿದ್ದೇನೆ. ಇಂದು ಬೆಳಿಗ್ಗೆ ಬೇಕೆಂದೇ ತಪ್ಪು ಓದಿದೆ. ಇಪ್ಪತ್ತು ಎಣಿಸುವ ತನಕ ಉಸಿರು ಹಿಡಿಯಬೇಕು ಎಂದಿದ್ದಲ್ಲಿ ಅರವತ್ತು ಎಂದೆ. ಇವರ ಮುಖ ಕೆಂಪಾಗಿ ಕಣ್ಣು ಮೇಲಕ್ಕೆ ಹೋದವು. ಹೆದರಿ, "ಬಿಡ್ರಿ, ಬಿಡ್ರಿ, ತಪ್ಪ ಓದಿದೆ," ಎಂದು ಭುಜ ಅಲುಗಿಸಿದೆ. ಅಷ್ಟು ಧೈರ್ಯವೂ ನನಗಿಲ್ಲ.

ಮಾರ್ಚ್ ೬, ಸೋಮವಾರ

ಅಣ್ಣ ಕಾಮಣ್ಣನ ಮೊಮ್ಮಗನಿಗೆ ಹೆಸರಿಡುವ ಕಾರ್ಯವೆಂದು ಎರಡು ದಿನ ಅಕ್ಕಲಕೋಟಕ್ಕೆ ಹೋಗಿ ಬಂದೆ. ಅತ್ತೆ ಸಂತೋಷದಿಂದಲೇ ಕಳಿಸಿದರು. ಆ ಬಾಗಿಲು ಎಷ್ಟು ತೆರೆದಿದೆ ಎಂದು ನಾನೇ ನೋಡಿಬರಲಿ ಎಂಬ ಯೋಚನೆ ಅವರಿಗೂ ಇದ್ದಿರಬೇಕು.

ಕಾರ್ಯ ಮುಗಿದ ಮೇಲೆ ಹಿತ್ತಲ ಕಟ್ಟೆಯ ಮೇಲೆ, ಇಲ್ಲಿಗೇ ಬಂದು ಇರಲೇ ಎಂದು ಅಣ್ಣನನ್ನು ಕೇಳಿದೆ. ಕೇಳುವುದಕ್ಕೆ ಎರಡು ದಿನ ಹಿಡಿಯಿತು. ಅವನು ಸಂಸ್ಥಾನದ ಕಚೇರಿಯಲ್ಲಿ ಕಾರಕೂನ, ಯಾವ ಮಾತನ್ನೂ ತೂಗಿ ಆಡುವವನು.

"ಸುಮಿತ್ರಾ, ಹಬ್ಬಕ್ಕ ಬಾ, ಹುಣ್ಣಿವಿಗಿ ಬಾ. ನಾಕ ದಿನ ಇರು, ನಾ ಏನ ಒಲ್ಲೆ ಅನ್ನೂದಿಲ್ಲ. ಖರೆ ಬಿಟ್ಟ ಬಂದೀನಿ ಅಂತ ಮಾತ್ರ ಬರಬ್ಯಾಡವಾ. ಮನ್ಯಾಗ ಇನ್ನಾ ಎರಡ ಹೆಣ್ಣ ಕೊಡೂವು ಅದಾವ."

ಅವನ ಕಣ್ಣು ಒದ್ದೆಯಾಗಿತ್ತು. ಕೆಟ್ಟವನಲ್ಲ. ನನಗೆ ಸಿಟ್ಟಿಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು, ಸಿಟ್ಟಿದೆ.

ಇಂದು ಬೆಳಿಗ್ಗೆ ಅಲ್ಲಿಯೂ ಒಳಕೋಣೆಯಲ್ಲಿ ನಮಸ್ಕಾರ ಹಾಕುತ್ತಿದ್ದಾಗ ಅಣ್ಣನ ಹೆಂಡತಿ ಜನಾಬಾಯಿ ಬಾಗಿಲು ದೂಡಿ ನೋಡಿದಳು. "ಏನವಾ ಸುಮಿತ್ರಾ, ಮೈಯಾಗ ದೇವ್ರು ಬಂದಾವೇನ?" ಎಂದಳು. "ಇನ್ನಾ ಬಂದಿಲ್ರಿ ವೈನಿ, ಹಾದಿ ಕಾಯಾಕತ್ತೀನಿ," ಎಂದೆ. ಇಬ್ಬರೂ ನಕ್ಕೆವು. ಹೊರಡುವಾಗ ಸೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಇರು ಎನ್ನಲಾಗದವರು ಬುತ್ತಿಯನ್ನು ದೊಡ್ಡದಾಗಿಯೇ ಕಟ್ಟುತ್ತಾರೆ.

ರೈಲಿನಲ್ಲಿ ಎರಡೂ ಮನೆಗಳ ಬಗ್ಗೆ ಯೋಚಿಸಿದೆ. ಒಂದರಲ್ಲಿ ಇರಬಾರದು, ಇನ್ನೊಂದಕ್ಕೆ ಬರಬಾರದು. ಮನೆ ಮುಟ್ಟಿದಾಗ ಗಂಟು ಹೊತ್ತುಕೊಂಡೇ ನೇರ ಮೇಲಿನ ಕೋಣೆಗೆ ಹೋಗಿ ಇಟ್ಟು ಬಂದು ಒಲೆ ಹೊತ್ತಿಸಿದೆ.

ಮಾರ್ಚ್ ೧೪, ಮಂಗಳವಾರ

ಇದನ್ನು ಬರೆಯಬಾರದೇನೋ.

ಇಂದು ಇವರಿಗೆ ಅವಸರ. ಗುಂತಕಲ್ಲಿನಿಂದ ವ್ಯಾಪಾರಸ್ಥರು ಬರುವವರಿದ್ದರು. ಎದೆಗೆ ಬಟ್ಟೆ ಕಟ್ಟಿಕೊಳ್ಳಿರಿ ಎಂದೆ. ಒಂದು ದಿನಕ್ಕೆ ಏನಾಗುತ್ತದೆ ಎಂದು ಹಾಗೇ ಚಾದರದ ಮಡಿಕೆಯ ಮೇಲೆ ತಲೆಯಿಟ್ಟು ಕಾಲೆತ್ತಿದರು. ನಾನು ಎರಡೂ ಕಾಲು ಹಿಡಿದಿದ್ದೆ. ಶಿವದಾರ ಹಳೆಯದಾಗಿತ್ತು. ಕರಡಿಗೆಯ ಭಾರಕ್ಕೆ ಜಗ್ಗಿ ಕಡಿಯಿತು. ಕರಡಿಗೆ ನೆಲಕ್ಕೆ ಬಿದ್ದು ಬಾಯಿ ತೆರೆದು, ಲಿಂಗ ಬರಿನೆಲದ ಮೇಲೆ ಉರುಳುತ್ತ ಹೋಗಿ ಗೋಡೆಯ ಬಳಿ ನಿಂತಿತು.

ಇವರು ಕುಸಿದು ಬಿದ್ದರು. ಬಿದ್ದವರು ಅಂಬೆಗಾಲಿಕ್ಕುತ್ತ ಹೋಗಿ ಲಿಂಗವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದಿ?"

"ನೋಡ್ದೆರಿ."

"ಯಾರಿಗೂ ಹೇಳಬ್ಯಾಡ. ಅವ್ವಗೂ ಬ್ಯಾಡ. ನಿನ್ನ ಕಾಲ ಬೀಳ್ತೀನಿ."

ಲಿಂಗ ಮೈ ಬಿಟ್ಟು ನೆಲಕ್ಕೆ ಬಿದ್ದರೆ ಅದು ಸಣ್ಣ ಮಾತಲ್ಲ. ಮಠಕ್ಕೆ ಹೋಗಿ ನಾಲ್ಕು ಜನರ ಮುಂದೆ ತಪ್ಪೊಪ್ಪಿಕೊಂಡು, ಪ್ರಾಯಶ್ಚಿತ್ತ ಮಾಡಿಕೊಂಡು, ಅಯ್ಯನವರ ಕೈಯಿಂದ ಮತ್ತೆ ಕಟ್ಟಿಸಿಕೊಳ್ಳಬೇಕು. ಲಿಂಗ ಜಾರಿದವನಿಗೆ ಆ ವರ್ಷ ಯಾರೂ ಹೆಣ್ಣು ಕೊಡುವುದಿಲ್ಲ. ಮರವಡೆಯವರಂತೂ ಕೊಡಲಾರರು.

ನನ್ನ ಹತ್ತಿರವಿದ್ದ ಹೊಸ ದಾರವನ್ನು ತಂದು ಕಟ್ಟಿದೆ. ಕಟ್ಟುವಾಗ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಮೂವತ್ತೆಂಟು ವರ್ಷದಲ್ಲಿ ನನ್ನನ್ನು ಹಾಗೆ ನೋಡಿದ್ದು ಇಂದೇ. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಉಪವಾಸವಿದ್ದಾರೆ. ಪೂಜೆಗೆ ಒಂದು ತಾಸು ಕೂತಿದ್ದರು. ನನಗೆ ಪಾಪ ಅನಿಸಿತು.

ಮಾರ್ಚ್ ೧೬, ಗುರುವಾರ

ಒಂದು ಮಾತು ಸಾಕು. ಅತ್ತೆಯ ಮುಂದೆ ಬೇಡ, ಮಠದ ಅಯ್ಯನವರ ಮುಂದೆ ಬೇಡ, ನೀರಿಗೆ ಬರುವ ಸಕ್ಕುಬಾಯಿಯ ಕಿವಿಯಲ್ಲಿ ಹೇಳಿದರೆ ಸಂಜೆಯೊಳಗೆ ಮರವಡೆಗೆ ಮುಟ್ಟುತ್ತದೆ. ಉಡಿ ತುಂಬುವ ಕೆಲಸವೇ ಇರುವುದಿಲ್ಲ, ನಾನು ಒಲ್ಲೆ ಎನ್ನಬೇಕಾಗಿಯೂ ಇಲ್ಲ. ಇಡೀ ದಿನ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ರೊಟ್ಟಿ ಬಡಿದೆ.

ಸಕ್ಕುಬಾಯಿ ಬಂದಳು, ನೀರು ಹಾಕಿದಳು, ಹೋದಳು. ಹೇಳಲಿಲ್ಲ. ಇವರು ಅಂಬೆಗಾಲಿಕ್ಕಿದ್ದು ಕಣ್ಣ ಮುಂದೆ ಬರುತ್ತದೆ. ಲಿಂಗ ನನಗೂ ಲಿಂಗವೇ ಅಲ್ಲವೇ? ಅದನ್ನು ಹಿಡಿದು ಗಂಡನನ್ನು ಬಡಿಯಲೇ? ಬಡಿಯದಿದ್ದರೆ ಸೋನಾಬಾಯಿ ಬರುತ್ತಾಳೆ. ನಾಳೆ ಹೇಳುತ್ತೇನೋ ಏನೋ.

ಮಾರ್ಚ್ ೨೮, ಮಂಗಳವಾರ

ಉಗಾದಿಗೆ ನಿಂಗಣ್ಣ ಬಂದರು. ಗಟ್ಟಿ ಆಳು, ದೊಡ್ಡ ಪಟಕ, ಬಾಯಿ ತುಂಬ ಮಾತು. ಇವರು ಧೋತರ ಕಟ್ಟಿ ಅವರೆದುರಿಗೆ ಇಪ್ಪತ್ತೊಂದು ನಮಸ್ಕಾರ ಹಾಕಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಎಣಿಸುತ್ತಿದ್ದೆ. ಹದಿನೈದಕ್ಕೆ ನಿಲ್ಲುತ್ತಾರೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ.

"ನಮ್ಮ ಎತ್ತೂ ಇಷ್ಟ ಬಾಗೂದಿಲ್ಲ ಬಿಡ್ರಿ ಸಾವಕಾರ್ರ," ಎಂದು ನಿಂಗಣ್ಣ ತೊಡೆ ತಟ್ಟಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಇದೆಲ್ಲಾ ನಿಮ್ಮ ಕೈಗುಣ ಅಂತ ಕೇಳೀನಿ. ದೊಡ್ಡ ಮನಸ ನಿಮ್ದು," ಎಂದು ಕೈ ಮುಗಿದರು. ಕೈ ಮುಗಿದವರಿಗೆ ನಾನೂ ಮುಗಿದೆ.

ಏಪ್ರಿಲ್ ಒಂಬತ್ತಕ್ಕೆ ಉಡಿ ತುಂಬುವುದೆಂದು ನಿಶ್ಚಯವಾಯಿತು. ಅವರು ಹೋದ ಮೇಲೆ ಇವರು ನನಗೆ ಒಂದು ಇಳಕಲ್ ಸೀರೆ ತಂದುಕೊಟ್ಟರು. ಹಬ್ಬಕ್ಕೆಂದು ಹೇಳಿದರು, ಕಣ್ಣು ಮಾತ್ರ ಎತ್ತಲಿಲ್ಲ. ಅದು ಬಾಯಿ ಮುಚ್ಚಿಸುವ ಬಟ್ಟೆಯೆಂದು ನನಗೂ ತಿಳಿಯುತ್ತದೆ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಇಟ್ಟೆ.

ಏಪ್ರಿಲ್ ೨, ಭಾನುವಾರ

ಎರಡೂ ಹೊತ್ತು ಆಸನ ಮಾಡಿದೆ. ಬರೆಯುವುದಕ್ಕೆ ಏನೂ ಇಲ್ಲ.

ಏಪ್ರಿಲ್ ೧೦, ಸೋಮವಾರ

ನಿನ್ನೆಯದನ್ನು ಬಿಡದೆ ಬರೆಯುತ್ತೇನೆ.

ಮಂಗಳವೇಡೆಯ ತನಕ ಮೋಟಾರು, ಅಲ್ಲಿಂದ ಮರವಡೆಗೆ ನಿಂಗಣ್ಣ ಕಳಿಸಿದ ಗಾಡಿ. ಅತ್ತೆ, ಇವರು, ನಾನು. ಹೋಗುವಾಗ ನಾನು ಏನನ್ನೂ ನಿಶ್ಚಯ ಮಾಡಿರಲಿಲ್ಲ. ತುಂಬಿ ಬಂದುಬಿಡುತ್ತೇನೆ, ಮುಂದೆ ಆದದ್ದಾಗಲಿ ಎಂದೇ ಇತ್ತು.

ನೀರು ಕುಡಿಯಲೆಂದು ನನ್ನನ್ನು ಒಳಗೆ ಹುಡುಗಿಯ ಹತ್ತಿರ ಕೂಡಿಸಿದರು. ಸೋನಾಬಾಯಿ ತೆಳ್ಳಗಿನ ಹುಡುಗಿ, ಮುಂಗೈ ಮೇಲೆ ಜೋಳದ ಒಣ ರವದಿಯ ಎಲೆ ಗೀರಿದ ಗೆರೆಗಳು. ನನ್ನನ್ನು ಕದ್ದು ಕದ್ದು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಲ್ಲಿ ನಾ ಏನೇನ ಮಾಡಬೇಕ್ರಿ?"

"ಭೋಂಗಾ ಆದ ಕೂಡ್ಲೆ ಏಳಬೇಕು. ಸಾವಕಾರ್ರ ಕಾಲ ಹಿಡೀಬೇಕು."

ಚೇಷ್ಟೆ ಎಂದು ತಿಳಿದು ನಕ್ಕಳು. ನಾನು ನಗದಿದ್ದದ್ದನ್ನು ನೋಡಿ ನಿಲ್ಲಿಸಿದಳು.

"ನೀವು ಎಷ್ಟ ವರ್ಷದಾಕಿ ಇದ್ದಾಗ ಬಂದ್ರಿ?"

"ಹನ್ನೊಂದು."

"ತಿರುಗಿ ಹೋಗಬೇಕು ಅನಸಲಿಲ್ಲೇನ್ರಿ?"

"ಎಲ್ಲಿಗಿ?" ಎಂದೆ.

ಅಷ್ಟರಲ್ಲಿ ಕರೆದರು.

ಪಡಸಾಲೆಯಲ್ಲಿ ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿದರು. ಎದುರಿಗೆ ಕಂಬಳಿಯ ಮೇಲೆ ನಾನು. ನಡುವೆ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಖಣ, ಅರಿಷಿಣದ ಕೊಂಬು, ಉತ್ತತ್ತಿ. ಸುತ್ತ ಊರ ಹೆಂಗಸರು. ಹುಡುಗಿ ಸೆರಗು ಒಡ್ಡಿದಳು. ನಾನು ತೆಂಗಿನಕಾಯಿ ಎತ್ತಿದೆ. ಸೆರಗು ಹಿಡಿದ ಅವಳ ಮುಂಗೈ ಮೇಲೆ ರವದಿಯ ಗೆರೆಗಳು ಕಂಡವು. ಕಾಯಿಯನ್ನು ತಿರುಗಿ ಮೊರದಲ್ಲಿಟ್ಟೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪೂಜೆಗೆ ಕೂಡುವ ಹಾಗೆ ಕೂತುಬಿಟ್ಟೆ.

"ಯಾಕ್ರಿ ಅಕ್ಕಾರ?" ಎಂದಳು ಹುಡುಗಿಯ ತಾಯಿ.

"ನನ್ನ ಕೈಲೆ ಆಗೂದಿಲ್ರಿ."

ಆಮೇಲಿನದು ಕ್ರಮವಾಗಿ ನೆನಪಿಲ್ಲ. ಅತ್ತೆ ಹಿಂದಿನಿಂದ ತಿವಿದರು, ಆಮೇಲೆ ಬೈದರು, ಆಮೇಲೆ ಅತ್ತರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ಯಾರೋ ಒಬ್ಬಳು ನನ್ನ ಮುಂಗೈ ಹಿಡಿದು ಅಂಗೈಯಲ್ಲಿ ಕಾಯಿ ಇಟ್ಟು ಮುಂದಕ್ಕೆ ಎಳೆದಳು. ಬೆರಳು ಮಡಿಸಲಿಲ್ಲ, ಕಾಯಿ ಉರುಳಿ ಬಿತ್ತು. ನಿಂಗಣ್ಣ ಒದರಾಡಿದರು. ನಾನು ಗೋಡೆಯ ಗೂಟವೊಂದನ್ನು ನೋಡುತ್ತಿದ್ದೆ. ಉಸಿರು ತೆಗೆದುಕೊಳ್ಳುವುದು, ಬಿಡುವುದು, ಅದರ ಮೇಲೆಯೇ ಲಕ್ಷ್ಯ.

ಕೊನೆಗೆ ಹುಡುಗಿಯ ತಾಯಿಯೇ ಎದುರಿಗೆ ಬಂದು ಕೂತಳು.

"ನಮಗ ಖರೆ ಹೇಳ್ರಿ. ಸಾವಕಾರ್ರದು ಏನರ ಊನ ಐತೇನ್ರಿ? ದೋಷ ಏನರ ಐತೇನು?"

ಇವರು ಬಾಗಿಲಲ್ಲಿ ನಿಂತಿದ್ದರು. ಕೈ ತಾನಾಗಿ ಎದೆಯ ಮೇಲೆ, ಕರಡಿಗೆಯ ಮೇಲೆ ಹೋಗಿತ್ತು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಎಲ್ಲರೂ ನನ್ನನ್ನು ಬಿಟ್ಟು ಇವರ ಮೇಲೆ ತಿರುಗುತ್ತಿದ್ದರು.

"ಅವರದೇನೂ ಇಲ್ರಿ," ಎಂದೆ. "ನಾ ಒಲ್ಲೆ. ಈ ಹುಡುಗೀನ್ನ ಕರಕೊಂಡ ಹೋಗಾಕ ನನ್ನ ಮನಸ ಒಪ್ಪೂದಿಲ್ಲ."

ಆ ತಾಯಿ ಮಗಳ ಒಡ್ಡಿದ ಸೆರಗನ್ನು ತಾನೇ ಮಡಚಿ ಹೆಗಲಿಗೆ ಹಾಕಿ, ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಹೋಗುತ್ತ ಗಂಡನಿಗೆ, "ಹಿರಿಯಾಕಿ ಕೈ ಇಲ್ದ ನನ್ನ ಮಗಳು ಆ ಹೊಸ್ತಿಲ ದಾಟೂದಿಲ್ಲ," ಎಂದಳು. ಅಲ್ಲಿಗೆ ಮುಗಿಯಿತು.

ಒಂದೂವರೆ ತಾಸು ಕೂತಿದ್ದೆನಂತೆ. ಎದ್ದಾಗ ಕಾಲು ಜೋಮು ಹಿಡಿದಿರಲಿಲ್ಲ, ಅದೊಂದು ಆಶ್ಚರ್ಯ.

ಏಪ್ರಿಲ್ ೧೧, ಮಂಗಳವಾರ

ನಿನ್ನೆ ಒಂದು ಮಾತು ಬರೆಯುವುದು ಉಳಿಯಿತು. ತಿರುಗಿ ಬರುವಾಗ ಮಂಗಳವೇಡೆಯಲ್ಲಿ ಮೋಟಾರಿಗೆ ಕಾಯುತ್ತಿದ್ದೆವು. ಅತ್ತೆ ದೂರ ಬೇವಿನ ಗಿಡದ ಕೆಳಗೆ ನಮ್ಮಿಬ್ಬರಿಗೂ ಬೆನ್ನು ಮಾಡಿ ಕೂತಿದ್ದರು. ಇವರು ಹತ್ತಿರ ಬಂದು ನಿಂತರು.

"ಆ ಮಾತ ಹೇಳಬಹುದಿತ್ತಲ್ಲ ನೀ. ಯಾಕ ಹೇಳಲಿಲ್ಲ?"

"ಅದು ನಿಮ್ಮದ್ರಿ. ನಾ ನಂದಷ್ಟ ಹೇಳೀನಿ."

ಸೊಲ್ಲಾಪುರದಲ್ಲಿ ಇಳಿಯುವಾಗ ನನ್ನ ಕೈಯಲ್ಲಿದ್ದ ಗಂಟನ್ನು ಇವರು ಇಸಿದುಕೊಂಡರು.

ಏಪ್ರಿಲ್ ೨೦, ಗುರುವಾರ

ಹನ್ನೊಂದು ದಿನವಾಯಿತು. ಅತ್ತೆ ನನ್ನ ಕೈಯ ನೀರನ್ನೂ ಮುಟ್ಟುವುದಿಲ್ಲ. ಎಪ್ಪತ್ತೆಂಟರ ಮುದುಕಿ ಬೇರೆ ಒಲೆ ಹೂಡಿ ತನ್ನ ಗಂಜಿ ತಾನೇ ಕಾಸಿಕೊಳ್ಳುತ್ತಾರೆ. ನೋಡಲಾಗುವುದಿಲ್ಲ. ಮೊದಲ ದಿನವೇ ಟ್ರಂಕು ಹೊರಗಿಡಿಸಿ, ಅಕ್ಕಲಕೋಟಕ್ಕೆ ನಡೆ ಎಂದಿದ್ದರು.

"ಹೋಗೂದಿಲ್ರಿ ಅತ್ತಿ."

"ಮತ್ತ ಎಲ್ಲಿರ್ತಿ?"

"ಇಲ್ಲೇ."

ಟ್ರಂಕನ್ನು ನಾನೇ ಎತ್ತಿ ಒಳಗೆ ತಂದಿಟ್ಟೆ. ಹೊರಹಾಕುವುದು ಅವರಿಂದಾಗಲಿಲ್ಲ, ಹೊರಗೆ ಹೋಗುವುದು ನನ್ನಿಂದಾಗಲಿಲ್ಲ. ಇವರು ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಪುಸ್ತಕ ಗೋಡೆಯ ಮಾಡದಲ್ಲಿ ಧೂಳು ಹಿಡಿಯುತ್ತಿದೆ. ನಾನೊಬ್ಬಳೇ ಮೇಲೆ ಹೋಗುತ್ತೇನೆ. ಈಗ ಅಗಳಿ ಹಾಕುವುದಿಲ್ಲ.

ಇಂದು ಬೆಳಿಗ್ಗೆ ಇವರು ಮೇಲೆ ಬಂದರು. ನಾನು ಕೂತಿದ್ದೆ, ಏಳಲಿಲ್ಲ. ಇವರು ಗೋಡೆಗೆ ಕೈ ಹಚ್ಚಿ ನಿಂತರು.

"ಅವ್ವ ಹುಲಜಂತಿಯೊಳಗ ಒಂದ ಹುಡುಗಿ ನೋಡ್ಯಾಳ," ಎಂದರು. "ಬಡವ್ರು. ಈ ಅಮಾಸಿ ಆದ ಮ್ಯಾಲ ಉಡಿ ತುಂಬೂದು ಅಂತಾಳ. ನೀ ಬರ್ತಿಯೇನು?"

ಮರವಡೆಯಲ್ಲಿ ಮುಗಿಯಿತೆಂದು ತಿಳಿದಿದ್ದೆ. ಊರಿಗೊಬ್ಬ ಸೋನಾಬಾಯಿ ಇದ್ದೇ ಇರುತ್ತಾಳೆ ಎಂಬುದು ಹೊಳೆದಿರಲಿಲ್ಲ.

"ಬರ್ತೀನ್ರಿ," ಎಂದೆ. "ಹುಲಜಂತಿಗೂ ಬರ್ತೀನಿ, ಅದರ ಮುಂದಿನ ಊರಿಗೂ ಬರ್ತೀನಿ. ನೀವು ಕರದಲ್ಲೆಲ್ಲಾ ಬಂದು ಹಿಂಗ ಕೂಡ್ತೀನಿ."

ಇವರು ಕೆಳಗಿಳಿದರು. ಹುಲಜಂತಿಯವರಿಗೆ ಬ್ಯಾಡ ಅಂತ ಹೇಳಿಕಳಿಸವ್ವ ಎಂದದ್ದು ಕೇಳಿಸಿತು. ಅತ್ತೆ ಏನೋ ಕೂಗಾಡಿದರು. ಇವರು ಅದನ್ನೇ ಇನ್ನೊಮ್ಮೆ ಹೇಳಿದರು, ಈ ಸಲ ಜೋರಾಗಿ.

ನನಗೆ ಅಳು ಬಂತು. ಗೆದ್ದೆನೆಂದಲ್ಲ. ಇನ್ನು ಸಾಯುವ ತನಕ ಈ ಮನೆಯಲ್ಲಿ ನಾವು ಮೂವರೇ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕು. ಇದರೊಳಗೆ ನಾಲ್ಕನೆಯವಳನ್ನು ತಂದು ಕೂಡಿಹಾಕುವುದು ಮಾತ್ರ ತಪ್ಪಿತು.